ಬಣಕಲ್ಲಿನ ಬ್ರೆಜಿಲ್ ಪ್ರತಿನಿಧಿ

ಬೆಳಿಗ್ಗೆ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಬ್ರೆಜಿಲ್ಲಿನಲ್ಲಿ ಚಳಿ ಹೇಗಿದೆ ಎಂಬುದನ್ನು. ಸಿಗುವುದಿಲ್ಲ. ಕನ್ನಡ ಪತ್ರಿಕೆಗಳು ಬ್ರೆಜಿಲ್ಲಿನ ಚಳಿಗೆ ಜಾಗ ಕೊಡುವುದು ಅಪರೂಪ. ಆದರೂ ಒಳಪುಟದ ಮೂಲೆಯವರೆಗೆ ಕಣ್ಣು ಒಂದು ಸುತ್ತು ಹೋಗಿ ಬಾರದೆ ನನಗೆ ಕಾಫಿ ರುಚಿಸುವುದಿಲ್ಲ. ನನ್ನ ಗಂಡ ಬಯಲುಸೀಮೆಯವರು. ಮದುವೆಯಾದ ಹೊಸತರಲ್ಲಿ, "ಅಲ್ಲಿ ನಿಮ್ಮ ನೆಂಟರು ಯಾರಾದರೂ ಇದ್ದಾರಾ?" ಎಂದು ಕೇಳಿದ್ದರು. ನೆಂಟರಲ್ಲ, ದಾಯಾದಿಗಳು ಎಂದೆ. ಹೊಸ ಸಂಸಾರದಲ್ಲಿ ಎಲ್ಲವನ್ನೂ ಕೇಳಬಾರದು ಎಂಬ ವಿವೇಕ ಅವರಿಗಿತ್ತು.

ಮೂಡಿಗೆರೆ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಾಫಿ ಬೆಳೆಯುವವರು ನಾವಾದರೂ ಅದರ ಬೆಲೆ ಇರುವುದು ಬ್ರೆಜಿಲ್ಲಿನ ಕೈಯಲ್ಲಿ. ಅಲ್ಲಿ ಫಸಲು ಚೆನ್ನಾಗಿ ಬಂತೆಂದರೆ ಇಲ್ಲಿ ಬೆಲೆ ಬೀಳುತ್ತದೆ. ಅಲ್ಲಿ ಹಿಮ ಬಿದ್ದು ಚಳಿಗೆ ಗಿಡ ಸುಟ್ಟಿತೆಂದರೆ ಇಲ್ಲಿ ಮನೆಗೆ ಸುಣ್ಣ ಬಳಿಯುತ್ತಾರೆ, ಹುಡುಗಿಯರಿಗೆ ಗಂಡು ನೋಡುತ್ತಾರೆ, ಹಳೆಯ ಜೀಪಿಗೆ ಹೊಸ ಟೈರು ಬರುತ್ತದೆ. ಹೀಗಾಗಿ ನಮ್ಮ ಕಡೆಯ ಸಭ್ಯ ಜನ, ಪಕ್ಕದ ಮನೆಯವರ ಬೆಕ್ಕಿಗೂ ಕೆಟ್ಟದ್ದು ಬಯಸದ ಜನ, ವರ್ಷಕ್ಕೊಮ್ಮೆ ರೇಡಿಯೋದ ಸುತ್ತ ಕೂತು ಬ್ರೆಜಿಲ್ಲಿಗೆ ಹಿಮ ಬೀಳಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದರು.

ನಾನು ಬೆಳೆದದ್ದು ಬಣಕಲ್ಲಿನಲ್ಲಿ, ಅಜ್ಜ ಅಜ್ಜಿಯ ಹತ್ತಿರ. ಅಪ್ಪ ಕಳಸದಲ್ಲಿ ಮೇಷ್ಟ್ರು. ಅಪ್ಪ ಅಮ್ಮ ಅಲ್ಲಿದ್ದರು, ನಾನು ಇಲ್ಲಿ. ಅಜ್ಜನದು ಚಿಕ್ಕ ತೋಟ, ದೊಡ್ಡ ದನಿ. ಊಟಕ್ಕೆ ಕೂತಾಗ ಅವರು "ಈ ಸಲ ಬ್ರೆಜಿಲ್ನೋರು ನಮ್ಮನ್ನ ಉಳಿಸಲ್ಲ" ಎನ್ನುತ್ತಿದ್ದುದನ್ನು ಕೇಳಿ ಕೇಳಿ, ಬ್ರೆಜಿಲ್ ಎಂದರೆ ಚಾರ್ಮಾಡಿ ಘಾಟಿಯ ಕೆಳಗೆಲ್ಲೋ ಇರುವ ಒಂದು ಎಸ್ಟೇಟು, ಅದರ ಯಜಮಾನರಿಗೂ ಅಜ್ಜನಿಗೂ ಬೇಲಿಯ ಜಗಳವಿದೆ ಎಂದೇ ನಾನು ತಿಳಿದಿದ್ದೆ. ಶಾಲೆಯಲ್ಲಿ ಟೀಚರು ಭೂಗೋಳವನ್ನು ತಿರುಗಿಸಿ ತಿರುಗಿಸಿ ಹಿಂದುಗಡೆ ತಂದು, "ಇದು ಬ್ರೆಜಿಲ್" ಎಂದು ತೋರಿಸಿದ ದಿನ ನನಗೆ ತುಂಬಾ ಬೇಜಾರಾಯಿತು. ಅಷ್ಟು ದೂರದಲ್ಲಿದ್ದುಕೊಂಡು ನಮ್ಮ ತಂಟೆಗೆ ಯಾಕೆ ಬರುತ್ತಾರೆ?

ಒಂದು ವರ್ಷ ಅಜ್ಜ ಹಾರೈಕೆ ಸಾಲದೆಂದು ಹರಕೆಗೇ ಕೈಹಾಕಿದರು. ಹಿಮ ಬಿದ್ದರೆ ದೇವರಮನೆ ಬೆಟ್ಟದ ಭೈರವನಿಗೆ ಅಭಿಷೇಕ. ಅಜ್ಜಿ ಅಡ್ಡ ಬಂದರು.

"ಇನ್ನೊಬ್ರಿಗೆ ಕೆಟ್ಟದಾಗ್ಲಿ ಅಂತ ದೇವ್ರ ಹತ್ರ ಕೇಳ್ತಾರಾ? ಅಲ್ಲೂ ಮಕ್ಕಳು ಮರಿ ಇರಲ್ವಾ?"

"ಮತ್ತೆಂತ ಮಾಡ್ಲಿ?"

"ಹಿಮ ಬೀಳ್ಲಿ. ಮನುಷ್ಯರಿಗೆ ನೆಗಡಿ ಸೈತ ಆಗ್ಬಾರ್ದು. ದನಕರುಗೆ ಆಗ್ಬಾರ್ದು. ಕಾಫಿಗೆ ಮಾತ್ರ ಬೀಳ್ಲಿ."

"ಆಯ್ತು."

"ಅದೂ ಬಡವ್ರ ತೋಟಕ್ಕೆ ಬೇಡ."

"ಆಯ್ತು ಮಾರಾಯ್ತಿ."

"ಗಿಡ ಸಾಯೋ ಹಾಗೂ ಬೇಡ. ಒಂದು ವರ್ಷದ ಹೂವು ಉದುರಿದ್ರೆ ಸಾಕು."

ಇಷ್ಟು ಷರತ್ತುಗಳನ್ನು ಹೊತ್ತುಕೊಂಡು ಹರಕೆ ಹೇಳಿಕೊಳ್ಳಲು ನಾವು ಬೆಟ್ಟ ಹತ್ತಿದೆವು. ಅಲ್ಲಿ ಅರ್ಚಕರಿಗೆ ಬೇರೆಯೇ ಕಷ್ಟ. ಸಂಕಲ್ಪಕ್ಕೆ ಹೆಸರು, ಗೋತ್ರ ಬೇಕು. "ನಿಮ್ಮದು ಗೊತ್ತು. ಆ ಕಡೆಯವರದ್ದು ಯಾವ ಗೋತ್ರ?" ಎಂದು ಅವರು ಗಂಭೀರವಾಗಿಯೇ ಕೇಳಿದರು. ಅಜ್ಜ ಅಜ್ಜಿಯ ಮುಖ ನೋಡಿದರು, ಅಜ್ಜಿ ಭೈರವನ ಮುಖ ನೋಡಿದರು. ಕೊನೆಗೆ ಅರ್ಚಕರೇ 'ಲೋಕಕಲ್ಯಾಣಾರ್ಥ' ಎಂದು ಹೇಳಿ ಮುಗಿಸಿದರು. ಮುಂದೆ ದೇಶದೇಶಗಳ ನಡುವಿನ ಒಪ್ಪಂದಗಳನ್ನು ಪಠ್ಯವಾಗಿ ಓದುವಾಗ ನನಗೆ ಯಾವುದೂ ಹೊಸದೆನಿಸಲಿಲ್ಲ. ಮೊದಲು ಹಿಮ, ಆಮೇಲೆ ಷರತ್ತು, ಕೊನೆಗೆ ಲೋಕಕಲ್ಯಾಣ. ಎಲ್ಲ ಒಪ್ಪಂದಗಳ ಮೈಕಟ್ಟೂ ಒಂದೇ.

ಓದಿನ ವಿಷಯಕ್ಕೆ ಬಂದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಮೂಡಿಗೆರೆಯಲ್ಲಿ ಬಿ.ಎ. ಓದುತ್ತಿದ್ದೆ. ಬಣಕಲ್ಲಿನಿಂದ ದಿನಾ ಬಸ್ಸು. ಕೊನೆಯ ವರ್ಷ ರಾಜ್ಯಶಾಸ್ತ್ರಕ್ಕೆ ಹೊಸ ಮೇಷ್ಟ್ರು ಬಂದರು, ಪಾಟೀಲ ಸರ್, ಬಿಜಾಪುರದ ಕಡೆಯವರು. ಬಂದ ದಿನವೇ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಕೂತು "ಒಂದು ಚಹಾ ಕೊಡ್ರಿ" ಎಂದರು. ಹೋಟೆಲಿನವರು, "ಜ್ವರವಾ ಸರ್?" ಎಂದು ವಿಚಾರಿಸಿದರು. ನಮ್ಮಲ್ಲಿ ಟೀ ಕುಡಿಯುವವರೇ ಇಲ್ಲವೆಂದಲ್ಲ. ಹುಷಾರಿಲ್ಲದಾಗ ಕುಡಿಯುತ್ತಿದ್ದರು. ವಾರವಿಡೀ ಚಹಾ ಕುಡಿದ ಮೇಲೆ ಸರ್‌ಗೆ ಕಾಯಿಲೆಯಿದೆ ಎಂಬ ಸುದ್ದಿ ತರಗತಿಯನ್ನು ಮುಟ್ಟಿತು; ಇಬ್ಬರು ಹುಡುಗಿಯರು ಅವರಿಗೆ ಜೇನುತುಪ್ಪವನ್ನೂ ತಂದುಕೊಟ್ಟರು.

ಆ ಸರ್ ನಮಗೆ ಅಂತಾರಾಷ್ಟ್ರೀಯ ಸಂಬಂಧಗಳು ಎಂಬ ವಿಷಯವನ್ನು ಪಾಠ ಮಾಡಿದ ರೀತಿಗೆ ನಾನು ಮರುಳಾಗಿಬಿಟ್ಟೆ. ರಾಯಭಾರಿಗಳು ಎಲ್ಲಿ ಕೂರುತ್ತಾರೆ, ಕೈ ಹೇಗೆ ಕುಲುಕುತ್ತಾರೆ, ಬೈಯಬೇಕಾದಲ್ಲಿ 'ಕಳವಳ ವ್ಯಕ್ತಪಡಿಸುತ್ತೇವೆ' ಎಂದು ಹೇಗೆ ಹೇಳುತ್ತಾರೆ, ಎಲ್ಲವನ್ನೂ ಅವರು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ನಾಯಕತ್ವದ ಬಗ್ಗೆಯೂ ಅವರದೊಂದು ಸೂತ್ರವಿತ್ತು. "ನಾಯಕ ಆಗಬೇಕಂದ್ರ ಎದುರಿನವರ ಕಣ್ಣಾಗ ಕಣ್ಣಿಟ್ಟು ಮಾತಾಡಬೇಕ್ರಿ." ನಾನು ಅದನ್ನು ಮೊದಲು ಅಜ್ಜನ ಮೇಲೆ ಪ್ರಯೋಗಿಸಿದೆ. ಅವರು ಮಜ್ಜಿಗೆ ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು ಬಡಿಸಿದೆ. ಅಜ್ಜ ಅಜ್ಜಿಯನ್ನು ಕರೆದು, "ಇವ್ಳಿಗೆ ಎಂತ ಆಗಿದೆ ನೋಡು, ಗುರಾಯಿಸ್ತಾಳೆ" ಎಂದರು. ಹೊಟ್ಟೆಯಲ್ಲಿ ಹುಳವಿರಬೇಕೆಂದು ಅಜ್ಜಿ ಮೂರು ಬೆಳಿಗ್ಗೆ ನನಗೆ ಕಹಿ ಕಷಾಯ ಕುಡಿಸಿದರು. ಅಲ್ಲಿಗೆ ನನ್ನ ನಾಯಕತ್ವದ ತರಬೇತಿ ಮುಗಿಯಿತು.

ಆದರೆ ಹುಚ್ಚು ಬಿಡಲಿಲ್ಲ. ಬಿ.ಎ. ಮುಗಿದ ಮೇಲೆ ಮೈಸೂರಿಗೆ ಹೋಗಿ ಇದನ್ನೇ ಎಂ.ಎ. ಓದುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅಪ್ಪ ಕಳಸದಿಂದ ಫೋನಿನಲ್ಲಿ, "ಅಜ್ಜ ಒಪ್ಪಿದ್ರೆ ನಂದೇನೂ ಇಲ್ಲ" ಎಂದು ನುಣುಚಿಕೊಂಡರು. ಅಜ್ಜನಿಗೆ ನಾನು ಬಿ.ಎಡ್. ಮಾಡಿ ಟೀಚರಾಗಬೇಕೆಂಬ ಆಸೆ.

"ಟೀಚರಾದ್ರೆ ಹೇಳಿದ್ದನ್ನ ಮಕ್ಕಳಾದ್ರೂ ಕೇಳ್ತವೆ. ನೀನು ಹೇಳಿದ್ರೆ ದೇಶ ಕೇಳುತ್ತಾ?"

"ಸರಿಯಾಗಿ ಹೇಳಿದ್ರೆ ಕೇಳುತ್ತೆ ಅಜ್ಜ."

"ನೋಡುವ."

ಅಜ್ಜನ 'ನೋಡುವ' ನಮ್ಮ ಮನೆಯಲ್ಲಿ ಪ್ರಸಿದ್ಧ. ರಾಯಭಾರಿಗಳು ಎಂದೂ 'ಇಲ್ಲ' ಎನ್ನುವುದಿಲ್ಲ ಎಂದು ಸರ್ ಕಲಿಸಿದ್ದರು. ನಮ್ಮಜ್ಜ ಎಂದೂ 'ಹೂಂ' ಎಂದವರಲ್ಲ. ಆದರೆ ಆ ಸಲ ಅವರು ಅದಕ್ಕೊಂದು ಬಾಲ ಸೇರಿಸಿದರು. ಕಾಲೇಜಿನಲ್ಲಿ ಒಂದು ಅಣಕು ವಿಶ್ವಸಭೆ ನಡೆಯುವುದಿತ್ತು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ದೇಶದ ಪರವಾಗಿ ಮಾತನಾಡಬೇಕು, ಊರಿನ ಹಿರಿಯರು ಬಂದು ಕೇಳಬೇಕು. "ಸಭೆಗೆ ನಾನೇ ಬರ್ತೀನಿ. ನೀನು ಮಾತಾಡೋದು ಕೇಳಿ ಆಮೇಲೆ ಮೈಸೂರೋ ಬಿ.ಎಡ್ಡೋ ಹೇಳ್ತೀನಿ" ಎಂದರು. ನನಗೆ ಅಷ್ಟೇ ಸಾಕಿತ್ತು. ಮಾತು ನನಗೆ ಅಜ್ಜಿಯಿಂದ ಬಂದದ್ದು. ಯಾವ ದೇಶ ಕೊಟ್ಟರೂ ಗೆದ್ದು ತೋರಿಸುತ್ತೇನೆಂಬ ಧೈರ್ಯ.

ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ದೇಶಗಳನ್ನು ಹಂಚಿದರು. ನಾನು ಎತ್ತಿದ ಚೀಟಿಯಲ್ಲಿ ಬ್ರೆಜಿಲ್ ಇತ್ತು.

ಅದೂ ಎಂಥ ಕಾಲದಲ್ಲಿ? ಕಾಫಿಯ ಬೆಲೆ ನೆಲಕಚ್ಚಿ, ಕೊಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ತೋಟಗಳಲ್ಲಿ ಹಣ್ಣು ಗಿಡದಲ್ಲೇ ಒಣಗುತ್ತಿದ್ದ ಕಾಲದಲ್ಲಿ. ಸಾಲದ್ದಕ್ಕೆ ಸರ್, ಸ್ಥಳೀಯರಿಗೆ ಹತ್ತಿರವಾದ ವಿಷಯ ಇರಲಿ ಎಂದು ಸಭೆಗೆ ಕೊಟ್ಟ ವಿಷಯವೇ ಕಾಫಿ ಬೆಲೆಯ ಕುಸಿತ.

ನಾನು ಸ್ಟಾಫ್ ರೂಮಿಗೆ ಓಡಿದೆ. "ಸರ್, ದಯವಿಟ್ಟು ದೇಶ ಬದಲಾಯಿಸಿ. ಬೊಲಿವಿಯಾ ಆದರೂ ಪರವಾಗಿಲ್ಲ."

"ಹಂಗ ಬದಲಿ ಮಾಡಾಕ ಬರೂದಿಲ್ಲ ತಂಗಿ," ಎಂದರು ಅವರು ಚಹಾದ ಲೋಟ ಕೆಳಗಿಟ್ಟು. "ನೀ ಏನ್ ಈ ದೇಶದಾಗ ಹುಟ್ಟಬೇಕಂತ ಆರಿಸಿಕೊಂಡು ಹುಟ್ಟೀಯೇನು? ಅದೂ ಒಂದು ಚೀಟಿನ."

ತತ್ವವೇನೋ ದೊಡ್ಡದು. ಆದರೆ ಅವರು ಬಣಕಲ್ಲಿಗೆ ಹೋಗಿ ಊಟ ಮಾಡಬೇಕಾಗಿರಲಿಲ್ಲ. ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಸುದ್ದಿ ನನಗಿಂತ ಮೊದಲು ಇಳಿದಿತ್ತು. ಅಂಗಡಿಯ ಜಗಲಿಯ ಮೇಲಿದ್ದವರು, "ಏನಮ್ಮ, ಆ ಕಡೆ ಸೇರ್ಕೊಂಡ್ಯಂತೆ?" ಎಂದರು. ಮನೆಯಲ್ಲಿ ಅಜ್ಜ ಬೈಯಲಿಲ್ಲ. ಊಟಕ್ಕೆ ಕೂತಾಗ ಅಜ್ಜಿಗೆ, "ಬ್ರೆಜಿಲ್ನೋರಿಗೆ ಸಾರು ಬಡಿಸಿ" ಎಂದರು. ಅಜ್ಜ ಬೈದರೆ ನಮಗ್ಯಾರಿಗೂ ಹೆದರಿಕೆಯಿಲ್ಲ. ಮರ್ಯಾದೆ ಕೊಡಲು ಶುರುಮಾಡಿದರೆ ಅಜ್ಜಿಯೂ ಅಡಿಗೆಮನೆ ಸೇರಿಕೊಳ್ಳುತ್ತಿದ್ದರು.

ನನ್ನ ಸಂಕಟ ಸರಳವಾಗಿತ್ತು. ಚೆನ್ನಾಗಿ ಮಾತನಾಡಿದರೆ ಅಜ್ಜನಿಗೂ ಇಡೀ ತಾಲ್ಲೂಕಿಗೂ ದ್ರೋಹಿ. ಕೆಟ್ಟದಾಗಿ ಮಾತನಾಡಿದರೆ, "ಇಷ್ಟಕ್ಕೆ ಮೈಸೂರು ಯಾಕೆ?" ಎರಡು ದಾರಿಯೂ ಬಿ.ಎಡ್ಡಿಗೇ ಹೋಗುತ್ತಿದ್ದವು. ಅಜ್ಜಿಯನ್ನು ಕೇಳಿದೆ. ಅವರು ತೆಂಗಿನಕಾಯಿ ತುರಿಯುತ್ತಾ, "ಕೆಟ್ಟದಾಗಿ ಮಾತಾಡೋಕೆ ನಿಂಗೆ ಬರುತ್ತಾ?" ಎಂದರು. ಯೋಚಿಸಿದೆ. ಬರುತ್ತಿರಲಿಲ್ಲ. "ಮತ್ತೆ ಬರೋದನ್ನ ಮಾಡು" ಎಂದು ಅವರು ಕಾಯಿಯ ಇನ್ನೊಂದು ಹೋಳನ್ನು ಕೈಗೆತ್ತಿಕೊಂಡರು.

ಸಭೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ದೊಡ್ಡ ಪ್ಲಾಂಟರುಗಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಸಣ್ಣ ಬೆಳೆಗಾರರು, ಅವರ ನಡುವೆ ಕೋಟು ಹಾಕಿಕೊಂಡ ನಮ್ಮಜ್ಜ. ಭಾರತ ಕೊಟ್ಟಿಗೆಹಾರದ ಶಂಕರನಿಗೆ ಬಂದಿತ್ತು. ಅವನು ಒಂದಕ್ಷರವನ್ನೂ ಓದಿಕೊಂಡು ಬಂದಿರಲಿಲ್ಲ; ಓದುವ ಅಗತ್ಯವೂ ಬೀಳಲಿಲ್ಲ. ಎದ್ದು ನಿಂತದ್ದಕ್ಕೇ ಚಪ್ಪಾಳೆ, ಗಂಟಲು ಸರಿಮಾಡಿಕೊಂಡದ್ದಕ್ಕೆ ಮತ್ತೊಂದು ಚಪ್ಪಾಳೆ. ಹೇರಳ ಕಾಫಿ ಬೆಳೆಯುವ ಇನ್ನೊಂದು ದೇಶ ವಿಯೆಟ್ನಾಂ; ಅದರ ಪ್ರತಿನಿಧಿಯಾಗಬೇಕಿದ್ದ ಜೆಸಿಂತಾಳ ಅಪ್ಪ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಮುಂದಿನ ಸಾಲಿನಲ್ಲಿ ಅವರ ಸಾಹುಕಾರರೇ ಕೂರುತ್ತಾರೆಂದು ಗೊತ್ತಾಗಿ ವಿಯೆಟ್ನಾಂಗೆ ಬೆಳಿಗ್ಗೆಯೇ ಜ್ವರ ಬಂದಿತ್ತು. ಇದರಿಂದ ಜಗತ್ತಿನ ಅಷ್ಟೂ ಕಾಫಿಯ ಪಾಪ ನನ್ನೊಬ್ಬಳ ತಲೆಗೆ ಬಂತು.

"ಈಗ ಗೌರವಾನ್ವಿತ ಬ್ರೆಜಿಲ್" ಎಂದರು ಸರ್. ಈ ಸಲ ಚಪ್ಪಾಳೆ ಬೀಳಲಿಲ್ಲ.

ಎದ್ದು ನಿಂತಾಗಲೂ ಏನು ಹೇಳುವುದೆಂದು ತೀರ್ಮಾನಿಸಿರಲಿಲ್ಲ. ಆದರೆ ಬಾಯಿ ತೆರೆದ ಮೇಲೆ ಅದು ತನ್ನ ಪಾಡಿಗೆ ಹೊರಟಿತು. ನಮ್ಮ ದೇಶ ಯಾರ ತೋಟಕ್ಕೂ ಬಂದು ಯಾರ ಗಿಡವನ್ನೂ ಕಿತ್ತಿಲ್ಲ ಎಂದೆ. ಬೆಲೆ ಏರಿದಾಗ ಭತ್ತದ ಗದ್ದೆಗೂ ಕಾಫಿ ನೆಟ್ಟವರು, ಹಿತ್ತಲಿನ ಬಸಳೆ ಚಪ್ಪರವನ್ನು ಕಿತ್ತು ಅಲ್ಲೂ ಕಾಫಿ ನೆಟ್ಟವರು, ಬೆಲೆ ಬಿದ್ದ ಕೂಡಲೇ ಸಮುದ್ರದಾಚೆಗೆ ಬೆರಳು ತೋರಿಸುವುದು ನ್ಯಾಯವೇ ಎಂದು ಕೇಳಿದೆ. ಬಸಳೆ ಚಪ್ಪರ ನಮ್ಮ ಮನೆಯದೇ. ಅಜ್ಜನ ಕಡೆ ನೋಡಲಿಲ್ಲ. ನಮ್ಮ ಮೇಲೆ ಹಿಮ ಬೀಳಲೆಂದು ಕೆಲವು ಮಿತ್ರರಾಷ್ಟ್ರಗಳಲ್ಲಿ ಪ್ರಾರ್ಥನೆಗಳು ನಡೆಯುತ್ತಿರುವ ಬಗ್ಗೆ ಬ್ರೆಜಿಲ್ ಕಳವಳ ವ್ಯಕ್ತಪಡಿಸುತ್ತದೆ ಎಂದಾಗ ಹಿಂದೆ ಯಾರೋ ಕಿಸಕ್ಕೆಂದರು.

ಮುಂದಿನ ಸಾಲಿನಿಂದ ಒಬ್ಬ ದೊಡ್ಡ ಪ್ಲಾಂಟರು ಎದ್ದರು. "ಬ್ರೆಜಿಲ್‌ಗೆ ನಂದೊಂದು ಪ್ರಶ್ನೆ."

"ಪ್ರೇಕ್ಷಕರು ಪ್ರಶ್ನೆ ಕೇಳಾಕ ನಿಯಮದಾಗ ಅವಕಾಶ ಇಲ್ರಿ" ಎಂದರು ಸರ್.

"ಮೇಷ್ಟ್ರೇ, ನೀವು ನಿಂತಿರೋ ಹಾಲು ಕಟ್ಸಿದ್ದು ನಾವು."

ನಿಯಮ ಅಲ್ಲಿಗೆ ತಿದ್ದುಪಡಿಯಾಯಿತು. ಆಮೇಲೆ ಪ್ರಶ್ನೆಗಳ ಸುರಿಮಳೆ. ಅಲ್ಲಿ ಆಳು ಸಿಗುತ್ತಾರಾ? ಮರದ ನೆರಳು ಇಲ್ಲದೆ ಗಿಡ ಹೇಗೆ ಬದುಕುತ್ತೆ? ಕಾಡೆಮ್ಮೆ ಕಾಟ ಇದ್ಯಾ? ಮೆಷಿನ್ನಿನಲ್ಲಿ ಕೊಯ್ಲು ಮಾಡಿದರೆ ಕಾಯಿ ಹಣ್ಣು ಬೇರೆ ಮಾಡೋದು ಯಾರು? ಲೈಬ್ರರಿಯ ವಿಶ್ವಕೋಶದಲ್ಲಿ ಓದಿದ್ದಷ್ಟನ್ನು ಹೇಳಿದೆ. ಓದದಿದ್ದುದಕ್ಕೆ, ನಮ್ಮ ಸರ್ಕಾರವನ್ನು ಕೇಳಿ ತಿಳಿಸುತ್ತೇನೆ ಎಂದೆ. ಅರ್ಧ ಗಂಟೆಯಲ್ಲಿ ಎಲ್ಲರೂ ನಾನು ಯಾರ ಮೊಮ್ಮಗಳೆಂಬುದನ್ನು ಮರೆತು ಎದುರಿಗೆ ಸಾಕ್ಷಾತ್ ಬ್ರೆಜಿಲ್ಲೇ ಸಿಕ್ಕಿದೆ, ಇಂದು ಬಿಟ್ಟರೆ ಮತ್ತೆ ಸಿಗದು ಎನ್ನುವ ಹಾಗೆ ಮಾತನಾಡುತ್ತಿದ್ದರು.

ಆಗ ಅಜ್ಜ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು.

"ಬ್ರೆಜಿಲ್ನೋರೇ, ಒಂದೇ ಮಾತು. ನಿಮಗೆ ಎಷ್ಟಾದ್ರೆ ಸಾಕು?"

ಅವರ ದನಿಯಲ್ಲಿ ತಮಾಷೆಯಿರಲಿಲ್ಲ. ಆ ವರ್ಷ ಅಜ್ಜ ತೋಟದ ಅರ್ಧವನ್ನು ಕೊಯ್ಯಿಸದೆ ಬಿಟ್ಟಿದ್ದರು. 'ಅಜ್ಜ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸರ್ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ, "ನೀ ದೇಶದ ಪ್ರತಿನಿಧಿ. ಮೊಮ್ಮಗಳು ಅಲ್ಲ" ಎಂದರು.

"ಮಾನ್ಯರೇ," ಎಂದೆ. "ನಮ್ಮ ದೇಶದಲ್ಲೂ ಸಣ್ಣ ಬೆಳೆಗಾರರಿದ್ದಾರೆ. ಅವರೂ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಕೂತಿರುವ ದೊಡ್ಡ ಬೆಳೆಗಾರರು ಇನ್ನೂ ಉತ್ತರ ಕೊಟ್ಟಿಲ್ಲ."

ಹಿಂದಿನ ಸಾಲುಗಳಿಂದ ಚಪ್ಪಾಳೆ ಎದ್ದಿತು, ಎಂಥ ಚಪ್ಪಾಳೆ ಎಂದರೆ ಭಾರತವೂ ಮರೆತು ಕೈತಟ್ಟಿತು. ಮುಂದಿನ ಸಾಲು ಮಾತ್ರ ಚಾವಣಿಯನ್ನು ಪರಿಶೀಲಿಸುತ್ತಿತ್ತು. ಸರ್ ಗಡಿಬಿಡಿಯಿಂದ ಸಭೆಯನ್ನು ಕಾಫಿ ವಿರಾಮಕ್ಕೆ ಮುಂದೂಡಿದರು. ಅಜ್ಜ ಚಪ್ಪಾಳೆ ತಟ್ಟಲಿಲ್ಲ. ಕೂತರು, ಕೋಟಿನ ಗುಂಡಿ ಬಿಚ್ಚಿಕೊಂಡರು, ಅಷ್ಟೇ.

ಬಸ್ಸಿನಲ್ಲಿ ನಾವಿಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು. ಮೂರು ದಿನ ಮನೆಯಲ್ಲಿ "ಬ್ರೆಜಿಲ್ನೋರು ಎದ್ರಾ", "ಬ್ರೆಜಿಲ್ನೋರ ಸ್ನಾನ ಆಯ್ತಾ" ಎಂಬ ಗೌರವವೇ ನಡೆಯಿತು. ಅದು ಕೋಪವೋ ಮೆಚ್ಚುಗೆಯೋ ತಿಳಿಯದೆ ನಾನು ಬಿ.ಎಡ್. ಅರ್ಜಿ ಎಲ್ಲಿ ಸಿಗುತ್ತದೆಂದು ವಿಚಾರಿಸಲು ಶುರುಮಾಡಿದ್ದೆ.

ನಾಲ್ಕನೆಯ ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆವು. ಹಗಲೆಲ್ಲ ಬಿಸಿಲಿಗೆ ಹರಡಿದ್ದನ್ನು ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚಬೇಕು. ಆ ಕೆಲಸಕ್ಕೆ ಇಬ್ಬರು ಬೇಕು. ಆ ಕಡೆಯ ಎರಡು ಮೂಲೆ ಅಜ್ಜನ ಕೈಯಲ್ಲಿ, ಈ ಕಡೆಯ ಎರಡು ನನ್ನ ಕೈಯಲ್ಲಿ.

"ಬ್ರೆಜಿಲ್ನೋರು ಮುಂದಿನ ಫಸಲಿಗೆ ಕೈ ಸ್ವಲ್ಪ ಹಿಡೀತೀರೋ?" ಎಂದರು ಅಜ್ಜ, ಟಾರ್ಪಾಲನ್ನೇ ನೋಡುತ್ತಾ.

ನನಗೆ ನಗು ಬಂತು. ಆದರೆ ಅವರ ಮುಖ ನೋಡಿ ನುಂಗಿಕೊಂಡೆ. "ಹಿಡೀಬಹುದು. ಮಾರುಕಟ್ಟೆಗೆ ಕಮ್ಮಿ ಬಿಟ್ರೆ ಬ್ರೆಜಿಲ್‌ಗೆ ಭಾರತ ಏನು ಕೊಡುತ್ತೆ?"

"ಭಾರತ ಒಂದು ಹುಡುಗೀನ ಮೈಸೂರಿಗೆ ಕಳಿಸುತ್ತೆ."

ಟಾರ್ಪಾಲು ನನ್ನ ಕೈಯಿಂದ ಜಾರಿತು. ಜಗಲಿಯಲ್ಲಿದ್ದ ಅಜ್ಜಿ ಕೂಡಲೇ ತಿದ್ದುಪಡಿ ಮಂಡಿಸಿದರು. "ವಾರಕ್ಕೊಂದು ಫೋನು. ಹಬ್ಬಕ್ಕೆಲ್ಲ ಊರಿಗೆ. ಅಲ್ಲಿ ಹಾಸ್ಟೆಲ್ಲಲ್ಲಿ ತಲೆಗೆ ಎಣ್ಣೆ ಹಾಕ್ಕೊಳ್ದೆ ಇರೋ ಹಾಗಿಲ್ಲ." ಎರಡು ದೇಶಗಳೂ ಒಪ್ಪಿದವು. ಮೂಲೆಗಳಿಗೆ ಕಲ್ಲು ಹೇರಿ ಒಳಗೆ ಬಂದೆವು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾನು ಕೊಟ್ಟ ಮಾತನ್ನು ಬ್ರೆಜಿಲ್ಲಿಗೆ ಯಾರೂ ತಿಳಿಸಿರಲಿಲ್ಲ. ಆ ಬೇಸಿಗೆಯಲ್ಲಿ ಅಲ್ಲಿಂದ ಸುದ್ದಿ ಬರತೊಡಗಿತು: ಭಾರೀ ಫಸಲು, ಹಿಂದೆಂದೂ ಕಾಣದಂಥ ಫಸಲು. ನಮ್ಮಲ್ಲಿ ಬೆಲೆ ಇನ್ನೂ ಕೆಳಗಿಳಿಯಿತು. ನಾನೂ ಅಜ್ಜಿಯೂ ಸೇರಿ ಪತ್ರಿಕೆಯ ವಾಣಿಜ್ಯದ ಪುಟವನ್ನು ದಿನಾ ಮಾಯ ಮಾಡತೊಡಗಿದೆವು. ಅಜ್ಜಿ ಅದರಲ್ಲಿ ಹಪ್ಪಳ ಒಣಹಾಕಿದರು, ಬದನೆಕಾಯಿ ಸುತ್ತಿಟ್ಟರು. ರೇಡಿಯೋದ ಸೆಲ್ಲು ಮುಗಿದುಹೋಯಿತು; ಹೊಸ ಸೆಲ್ಲು ತರುವುದು ನನಗೆ ದಿನಾ ಮರೆತುಹೋಯಿತು. ಅಜ್ಜ ಬ್ರೆಜಿಲ್ ಎಂಬ ಹೆಸರನ್ನೇ ಎತ್ತುವುದು ಬಿಟ್ಟದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಪಾಟೀಲ ಸರ್ ಹತ್ತಿರ ಹೋಗಿ ಹೇಳಿಕೊಂಡೆ. ಅವರು ತುಂಬಾ ಯೋಚನೆ ಮಾಡಿ, "ಒಪ್ಪಂದ ಮುರಿದ ದೇಶ ಮೊದಲ ವಿವರಣೆ ಕೊಡಬೇಕು ತಂಗಿ. ಎದುರಿನವರು ಕೇಳೂ ತನಕ ಕಾಯಬಾರದು" ಎಂದರು. ನಾನು ವಿವರಣೆ ಸಿದ್ಧಮಾಡಿಕೊಂಡೆ. ಆದರೆ ಅಜ್ಜನ ಎದುರು ನಿಂತಾಗಲೆಲ್ಲ ಮಳೆಯ ಮಾತೆತ್ತಿ ವಾಪಸು ಬಂದುಬಿಡುತ್ತಿದ್ದೆ. ದಿನ ಕಳೆಯುತ್ತಾ ಮೈಸೂರಿಗೆ ಹೋಗಿ ಪ್ರವೇಶ ಪಡೆಯಬೇಕಾದ ಕಡೆಯ ದಿನವೇ ಬಂತು. ನಾನು ಚೀಲ ತುಂಬಿರಲಿಲ್ಲ. ತುಂಬಲು ನನಗೆ ಹಕ್ಕಿದೆಯೆಂದು ಅನಿಸಿರಲಿಲ್ಲ.

ಆ ಬೆಳಿಗ್ಗೆ ಎದ್ದು ನೋಡಿದರೆ ಅಜ್ಜ ಕೋಟು ಹಾಕಿಕೊಂಡು ಕೊಡೆ ಹಿಡಿದು ಜಗಲಿಯಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ನನ್ನ ಚೀಲ, ಅಜ್ಜಿ ತುಂಬಿದ್ದು.

"ಅಜ್ಜ, ಬ್ರೆಜಿಲ್..." ಎಂದು ಶುರುಮಾಡಿದೆ.

"ಗೊತ್ತು. ಮಾತಿಗೆ ತಪ್ತು. ಅಂಗಡೀಲಿ ದಿನಾ ಪೇಪರ್ ನೋಡ್ತೀನಿ ಕಣೇ ನಾನು. ನೀವಿಬ್ರು ಬದನೆಕಾಯಿ ಸುತ್ತಿಟ್ರೆ ಬೆಲೆ ಏರುತ್ತಾ?"

"ಮತ್ತೆ ಮೈಸೂರು?"

"ಮಾತು ಕೊಟ್ಟಿದ್ದು ಅವ್ರೊಬ್ರೇ ಅಲ್ಲ, ನಾನೂ ಕೊಟ್ಟಿದ್ದೀನಿ. ಅವ್ರು ತಪ್ಪಿದ್ರು ಅಂತ ನಾನೂ ತಪ್ಲಾ? ಅಷ್ಟು ದೊಡ್ಡ ದೇಶ, ಅದಕ್ಕೆ ನಡೆಯುತ್ತೆ. ನಮ್ಮಂಥ ಸಣ್ಣೋರಿಗೆ ನಡೆಯಲ್ಲ. ಬೇಗ ಮುಖ ತೊಳಿ, ಬಸ್ಸು ಬರುತ್ತೆ."

ಘಾಟಿ ಹತ್ತಿ ಬಂದ ಮೈಸೂರು ಬಸ್ಸಿನಲ್ಲಿ ನಮಗೆ ಇಬ್ಬರು ಕೂರುವ ಒಂದು ಸೀಟು ಸಿಕ್ಕಿತು, ಅಕ್ಕಪಕ್ಕ ಕೂತೆವು. ಕಂಡಕ್ಟರ್ ಗುರುತಿನವನು. ಟಿಕೇಟು ಹರಿಯುತ್ತಾ ನನ್ನತ್ತ ನೋಡಿ, "ಏನ್ ಯಜಮಾನ್ರೇ, ಬ್ರೆಜಿಲ್ನೋರು ಎಲ್ಲಿಗೆ ಹೊರಟ್ರು?" ಎಂದ.

ಅಜ್ಜ ಚೀಲವನ್ನು ಕಾಲ ಬುಡಕ್ಕೆ ಎಳೆದುಕೊಂಡರು.

"ಬ್ರೆಜಿಲ್ ಬಣಕಲ್ಲಲ್ಲೇ ಇಳೀತು ಮಾರಾಯ," ಎಂದರು. "ಇವಳು ನಮ್ಮನೆ ಹುಡುಗಿ. ಎರಡು ಮೈಸೂರು ಕೊಡು."